ಹೆದರುವ ತಾಲೀಮು

ಲಂಡನ್ನಿನ ಮೇಲೆ ಬಾಂಬು ಬಿದ್ದರೆ ರೇಡಿಯೋದವರು ಲಂಡನ್ ಎಂದೇ ಹೇಳುತ್ತಿದ್ದರು. ನಮ್ಮ ಹಲ್ ಪಟ್ಟಣದ ಮೇಲೆ ಬಿದ್ದರೆ ಮಾತ್ರ 'ಈಶಾನ್ಯ ಕರಾವಳಿಯ ಒಂದು ಊರು' ಎಂದು ಹೇಳಿ, ಅದರ ಬೆನ್ನಿಗೇ ಪಿಯಾನೋ ಹಾಕಿಬಿಡುತ್ತಿದ್ದರು. ಶತ್ರುವಿಗೆ ಗೊತ್ತಾಗಬಾರದಂತೆ.

"ಬಾಂಬ್ ಹಾಕಿದೋನಿಗೇ ಎಲ್ಲಿ ಹಾಕ್ದೆ ಅಂತ ಗೊತ್ತಿಲ್ವಂತಾ?" ಎಂದು ನಮ್ಮ ಅತ್ತೆ ರೇಡಿಯೋವನ್ನು ಎದುರು ಕೂರಿಸಿಕೊಂಡು ಬೈಯುತ್ತಿದ್ದರು. "ಬೀದಿ ನಾಯಿಗೂ ಒಂದು ಹೆಸರಿಡ್ತಾರೆ. ಅರ್ಧ ಊರು ಉರಿದುಹೋದ್ರೂ ನಮಗೆ ಹೆಸರಿಲ್ಲ ನೋಡು!"

ಅತ್ತೆಯ ಹೆಸರು ಥರ್ಜಾ ಸ್ಟೇದರ್ಸ್. ಹೆಸಲ್ ರಸ್ತೆಯ ಮೀನುಗಾರರ ಬೀದಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ವಿಧವೆಯಾದವರು. ಅವರ ಒಬ್ಬನೇ ಮಗ ರೆಗ್ ನನ್ನ ಗಂಡ. ಯುದ್ಧಕ್ಕೆ ಮುಂಚೆ ಮೀನು ಹಿಡಿಯುತ್ತಿದ್ದ ಹಡಗಿನಲ್ಲೇ ಈಗ ಅವನು ಜರ್ಮನರು ಸಮುದ್ರದಲ್ಲಿ ತೇಲಿಬಿಟ್ಟ ಸಿಡಿಗುಂಡುಗಳನ್ನು ಹುಡುಕಿ ಗುಡಿಸುತ್ತಿದ್ದ. ಓದುವವರು ಸುಮ್ಮನೆ ಉಸಿರು ಬಿಗಿಹಿಡಿದು ಕೂರುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ನಾನಿದನ್ನು ಬರೆಯುತ್ತಿರುವಾಗ ರೆಗ್ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ.

ಆದರೆ ನಲವತ್ತೊಂದರ ಆ ಬೇಸಿಗೆಯಲ್ಲಿ ಇದು ನನಗೆ ಗೊತ್ತಿರಲಿಲ್ಲವಲ್ಲ. ರಜೆ ಮುಗಿಸಿ ಹೊರಡುವಾಗಲೆಲ್ಲ ಅವನು ನನ್ನಿಂದ ಒಂದೇ ಮಾತು ತೆಗೆದುಕೊಳ್ಳುತ್ತಿದ್ದ: "ಅಮ್ಮನ್ನ ಒಬ್ಬಳನ್ನೇ ಬಿಡ್ಬೇಡ ಆಲಿವ್." ನಾನು ಬಿಡುತ್ತಿರಲಿಲ್ಲ. ತೊಂದರೆ ಏನೆಂದರೆ, ಸೈರನ್ ಕೂಗಿದಾಗ ಬೀದಿಗೆ ಬೀದಿಯೇ ಶೆಲ್ಟರಿಗೆ ಓಡಿದರೆ ಅತ್ತೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವರು ಏಳದ ಮೇಲೆ ನಾನು ಎಲ್ಲಿಗೆ ಹೋಗುವುದು? ಇಬ್ಬರೂ ಅಡುಗೆಮನೆಯ ಮೇಜಿನ ಕೆಳಗೆ ತೂರಿಕೊಂಡು, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಚುಚ್ಚುವ ಹಾಗೆ ಮಲಗುತ್ತಿದ್ದೆವು. ಮೇ ತಿಂಗಳಲ್ಲಿ ಬೀದಿಯ ಆ ತುದಿಯ ಮನೆಗಳು ಒಂದೇ ಏಟಿಗೆ ಇಟ್ಟಿಗೆ ರಾಶಿಯಾದವು. ಮರುದಿನ ಅಲ್ಲಿ ಒಂದು ಅಡುಗೆಮನೆಯ ಮೇಜನ್ನು ನೋಡಿದೆ. ನಮ್ಮದರಂತೆಯೇ ಇತ್ತು, ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಅಂದಿನಿಂದ ನನಗೆ ಅತ್ತೆಯನ್ನು ಶೆಲ್ಟರಿಗೆ ಕರೆದೊಯ್ಯುವುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ.

ಶೆಲ್ಟರೂ ಅಂಥ ಸುಖದ ಜಾಗವೇನಲ್ಲ. ಅರ್ಧ ನೆಲದೊಳಗೆ, ಅರ್ಧ ಮೇಲೆ ಇದ್ದ ಇಟ್ಟಿಗೆಯ ಗೂಡು. ನಮ್ಮದು ತಗ್ಗಿನ ಊರು. ನದಿಯಲ್ಲಿ ಉಬ್ಬರ ಬಂದರೆ ಮೋರಿಯ ನೀರು ಹಿಂದಕ್ಕೆ ನುಗ್ಗಿ ಶೆಲ್ಟರಿನಲ್ಲಿ ನಿಲ್ಲುತ್ತಿತ್ತು. ಜನ ಬೆಂಚಿನ ಮೇಲೆ ಕಾಲು ಮಡಚಿಕೊಂಡು, ಕೋಲಿನ ಮೇಲೆ ಕೂತ ಕೋಳಿಗಳ ಹಾಗೆ ರಾತ್ರಿ ಕಳೆಯುತ್ತಿದ್ದರು. ಯಾಕೆ ಬರುವುದಿಲ್ಲ ಎಂದು ಅತ್ತೆಯನ್ನು ಕೇಳಿದರೆ ಒಂದೊಂದು ದಿನ ಒಂದೊಂದು ಕಾರಣ.

"ತೇವಕ್ಕೆ ನನ್ನ ಮಂಡಿ ಹಿಡ್ಕೊಳತ್ತೆ."

"ಹೆಬ್ಬಾತಿನ ಕೊಬ್ಬು ತಿಕ್ಕಿ ಬಿಡ್ತೀನಿ, ಬನ್ನಿ."

"ಆ ನೆಲ್ಲಿ ಗೊರಕೆ ಹೊಡೀತಾಳೆ. ಅದಕ್ಕಿಂತ ಬಾಂಬೇ ವಾಸಿ."

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ. ಆದರೂ ನೀರೊಂದನ್ನು ತೆಗೆಸಿಬಿಟ್ಟರೆ ಮಂಡಿಯ ನೆವ ಹೋಗುತ್ತದೆ, ಮಿಕ್ಕಿದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಆಸೆ ನನ್ನದು. ಅದಕ್ಕೊಂದು ಪಂಪು ಬೇಕಿತ್ತು. ಪಂಪು ಕೇಳಿ ಕೇಳಿ ಬಾಂಬ್ ದಾಳಿಯ ಹೊತ್ತಿಗೆ ನಮ್ಮ ಬೀದಿಯನ್ನು ನೋಡಿಕೊಳ್ಳುವ ವಾರ್ಡನ್ ಕಲಮ್ ಸಾಹೇಬರ ನಾಲಿಗೆ ಬಿದ್ದುಹೋಗಿತ್ತು. ಹಗಲು ಕ್ಷೌರದಂಗಡಿ, ರಾತ್ರಿ ತಲೆಗೆ ತಗಡಿನ ಟೋಪಿ. ಸ್ವಂತ ತಲೆಯಲ್ಲಿ ಒಂದು ಕೂದಲೂ ಇಲ್ಲದ ಕ್ಷೌರಿಕ.

ಒಂದು ದಿನ ಈ ಕಲಮ್ ಸಾಹೇಬರು ಏದುಸಿರು ಬಿಡುತ್ತ ನಮ್ಮ ಅಡುಗೆಮನೆಗೆ ಬಂದರು.

"ಆಲಿವ್, ಮಂಗಳವಾರ ಲಂಡನ್ನಿಂದ ಒಬ್ಬ ಮೇಡಂ ಬರ್ತಿದಾರೆ. ಜನರ ಎದೆ ಗಟ್ಟಿ ಇದ್ಯಾ, ಕುಸಿದಿದ್ಯಾ ಅಂತ ನೋಡ್ಕೊಂಡು ಹೋಗೋದೇ ಅವರ ಕೆಲಸ."

"ನೋಡ್ಕೊಂಡು ಹೋಗ್ಲಿ. ನಮ್ಮ ಎದೆ ನೋಡೋಕೆ ಅಷ್ಟು ದೂರದಿಂದ ಯಾಕೆ ಬರ್ಬೇಕೋ."

"ಅಯ್ಯೋ, ಪೂರ್ತಿ ಕೇಳು. ಎಲ್ಲಿ ಎದೆ ಕುಸಿದಿದ್ಯೋ ಅಲ್ಲಿಗೆ ಎಲ್ಲಾ ಮೊದಲು ಬರತ್ತಂತೆ. ಹಿಂದಿನ ಬೀದೀಲಿ ಒಬ್ಬಳು ಇಂಥದ್ದೇ ಮೇಡಂ ಮುಂದೆ ಮೂರ್ಛೆ ಹೋದ್ಲು. ಅವಳಿಗೆ ಬೆಳಗಿಂದ ತಿಂಡಿ ಇರ್ಲಿಲ್ಲ, ಅದು ಬೇರೆ ವಿಷಯ. ಅವರಿಗೆ ಒಲೆ ಬಂತು, ಮಂಚ ಬಂತು. ನಾವು ಹಲ್ಲು ಕಿರಿದು 'ಚೆನ್ನಾಗಿದೀವಿ' ಅಂತ ಕೂತಿದ್ರೆ ಏನು ಬರತ್ತೆ? ಅಳೋ ಮಗೂಗೇ ಕಣಮ್ಮ ಹಾಲು."

ಹೀಗೆ ನಮ್ಮ ಅಡುಗೆಮನೆಯಲ್ಲಿ ಹೆದರುವ ತಾಲೀಮು ಶುರುವಾಯಿತು. ಶಿಕ್ಷಕಿ ನಾನೇ. ಅಷ್ಟು ಕಷ್ಟದ ಪಾಠ ಇನ್ನೊಂದಿಲ್ಲ. ನಮ್ಮ ಕಡೆ ಜನರನ್ನು 'ಹೇಗಿದ್ದೀರಿ' ಎಂದು ಕೇಳಿದರೆ, ಮನೆಯ ಮಾಡು ಹಾರಿಹೋಗಿದ್ದರೂ 'ಗಾಳಿ ಚೆನ್ನಾಗಿ ಬರ್ತಿದೆ' ಎನ್ನುವವರು. ಪಕ್ಕದ ಮನೆಯ ನೆಲ್ಲಿ ಬ್ಲೆಂಕಿನ್ನಳ ಗಂಡ ರೆಗ್‌ನ ಹಡಗಿನಲ್ಲೇ ಇದ್ದ. ಹಗಲೆಲ್ಲ ಮೀನಿನ ಕಟ್ಟೆಯಲ್ಲಿ ಮೀನು ಸೀಳುವ ಗಟ್ಟಿ ಹೆಂಗಸು. ಅವಳಿಗೆ ನಡುಗು ಎಂದರೆ ನಗು ಬರುತ್ತಿತ್ತು.

"ಅಯ್ಯೋ ದೇವರೇ, ನನಗೆ ಭಯ..." ಎಂದು ಎದೆಯ ಮೇಲೆ ಕೈಯಿಟ್ಟು ಶುರುಮಾಡಿ, ಕಲಮ್ ಸಾಹೇಬರ ಮುಖ ನೋಡಿದವಳೇ ಫಕ್ಕನೆ ನಕ್ಕಳು.

"ನನ್ನ ಮುಖ ಯಾಕೆ ನೋಡ್ತೀಯೆ? ಗೋಡೆ ನೋಡು!"

"ಎರಡೂ ಒಂದೇ ಥರ ಇದೆಯಲ್ರೀ, ಎರಡರಲ್ಲೂ ಒಂದು ಕೂದಲಿಲ್ಲ."

ಕಲಮ್ ಸಾಹೇಬರ ಪಾಲಿನ ಮಾತು 'ರಾತ್ರಿ ನಿದ್ದೆಯೇ ಇಲ್ಲ' ಎಂಬುದು. ಅದನ್ನು ಅವರು ಪಬ್ಬಿನಲ್ಲಿ ಬಿಯರು ಕೇಳುವ ದನಿಯಲ್ಲೇ ಹೇಳುತ್ತಿದ್ದರು. ಎಷ್ಟು ತಿದ್ದಿದರೂ ಅಷ್ಟೇ. ಅತ್ತೆ ಮೂಲೆಯಲ್ಲಿ ಕೂತು ಮಗನಿಗೆ ಉದ್ದನೆಯ ಕಾಲುಚೀಲ ಹೆಣೆಯುತ್ತಿದ್ದರು. ಒಂದು ಸಲವೂ ನಗಲಿಲ್ಲ.

"ಹೆದರಿಕೆ ಕಲಿಯೋಕೂ ಸ್ಕೂಲಾ?" ಎಂದು ಮಾತ್ರ ಅಂದರು, ಹೆಣಿಗೆಯಿಂದ ತಲೆಯೆತ್ತದೆ.

ಸೋಮವಾರದ ಹೊತ್ತಿಗೆ ನೆಲ್ಲಿ ಹೇಗೋ ಸೆರಗಿಲ್ಲದಿದ್ದರೂ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸುವಷ್ಟು ಪಳಗಿದಳು. ಅಷ್ಟರಲ್ಲಿ, ಆ ವಾರ ರಜೆಯ ಮೇಲೆ ಊರಲ್ಲೇ ಇದ್ದ ರೆಗ್ ಬಂದರಿನಿಂದ ಓಡಿಬಂದು ಬಾಗಿಲಲ್ಲಿ ನಿಂತ. ಹಡಗಿಗೆ ಅಪ್ಪಣೆ ಬಂದಿತ್ತು. ಮೊದಲು ಹೇಳಿದ್ದ ಗುರುವಾರವಲ್ಲ, ನಾಳೆ ಬೆಳಗಿನ ಉಬ್ಬರಕ್ಕೇ ಹೊರಡಬೇಕು.

ಅಲ್ಲಿಗೆ ನಮ್ಮ ತಾಲೀಮು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಯಾಕೆಂದರೆ ಹೆಸಲ್ ರಸ್ತೆಯಲ್ಲಿ ಗಂಡಸರು ಹಡಗು ಹತ್ತಿದ ದಿನಕ್ಕೊಂದು ಮಡಿಯಿದೆ. ಅಂದು ಬಟ್ಟೆ ಒಗೆಯಬಾರದು, ಒಗೆದರೆ ಅಲೆ ಅವರನ್ನು ತೊಳೆದುಕೊಂಡು ಹೋಗುತ್ತದೆ. ಕೈ ಬೀಸಬಾರದು, ಬೀಸಿದರೆ ಅಲೆಯನ್ನು ಕರೆದ ಹಾಗೆ. ಅಳಬಾರದು, ಕೆಟ್ಟ ಮಾತು ಆಡಬಾರದು, ಹೆದರಿಕೆಯ ಹೆಸರೆತ್ತಬಾರದು. ಹಸಿರು ಬಣ್ಣವಂತೂ ಕಣ್ಣಿಗೇ ಬೀಳಬಾರದು. ಈ ಮಡಿಯನ್ನು ಇಡೀ ಬೀದಿಯಲ್ಲಿ ಕಾಯುತ್ತಿದ್ದವರು ನಮ್ಮ ಅತ್ತೆಯೇ. ಹಿಂದೊಮ್ಮೆ ನೆಲ್ಲಿ ಅಂಥ ದಿನ ಒಂದೇ ಒಂದು ಕರವಸ್ತ್ರ ಹಿಂಡಿದ್ದಕ್ಕೆ ಅತ್ತೆ ಅವಳ ಹಿತ್ತಲಿಗೆ ಹೋಗಿ ಬಕೆಟ್ಟನ್ನು ಒದ್ದು ಬಂದಿದ್ದರು.

ಮಂಗಳವಾರ ಬೆಳಿಗ್ಗೆ ರೆಗ್ ಹೊರಟ. ಅತ್ತೆ ಅವನಿಗೆ ಬೆನ್ನು ಹಾಕಿ ಒಲೆ ಕೆದಕುತ್ತಿದ್ದರು. ನಾನು ಬಾಗಿಲವರೆಗೆ ಹೋದೆ, ಕೈ ಬೀಸಲಿಲ್ಲ. ಕೈಗೆ ಕೆಲಸ ಬೇಕಲ್ಲ ಎಂದು ಹೊಸ್ತಿಲನ್ನು ಕಲ್ಲು ಹಾಕಿ ಬೆಳ್ಳಗಾಗುವಂತೆ ಉಜ್ಜಿದೆ. ನೋಡಿದರೆ ನೆಲ್ಲಿಯೂ ಉಜ್ಜುತ್ತಿದ್ದಳು. ಬೀದಿಯ ಎಲ್ಲರೂ ಉಜ್ಜುತ್ತಿದ್ದರು, ಬಾಗಿಲೇ ಇಲ್ಲದ ಮನೆಯವಳೂ ಉಳಿದಿದ್ದ ಹೊಸ್ತಿಲನ್ನು ಉಜ್ಜುತ್ತಿದ್ದಳು. ಅತಿಥಿ ಬರುವಾಗ ಹೊಸ್ತಿಲು ಕೊಳೆಯಾಗಿದ್ದರೆ ಮರ್ಯಾದೆಯೇ?

ಹತ್ತು ಗಂಟೆಗೆ ಲಂಡನ್ನಿನ ಮೇಡಂ, ಮಿಸ್ ಫ್ಯಾನ್‌ಶಾ ಬಂದರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ಮೈಮೇಲೆ ಮಾತ್ರ ಎಲೆಹಸಿರು ಬಣ್ಣದ ಕೋಟು.

ಬಾಗಿಲಲ್ಲಿ ಆ ಹಸಿರು ಕಂಡದ್ದೇ ತಡ, ನೆಲ್ಲಿ ಹಾರಿ ಬಂದಳು. "ಒಳಗೆ ತುಂಬಾ ಸೆಕೆ ಮೇಡಂ, ಕೊಡಿ ಇಲ್ಲಿ" ಎಂದು, ಪಾಪ, ಅವರು ಗುಂಡಿ ಬಿಚ್ಚುವಷ್ಟರಲ್ಲಿ ಕೋಟನ್ನು ಹೆಚ್ಚುಕಡಿಮೆ ಸುಲಿದುಕೊಂಡಳು. ಮೀನು ಸೀಳಿದ ಕೈ, ಹೇಳಬೇಕೆ? ಅದನ್ನು ಒಯ್ದು ಹಿತ್ತಲಿನ ಕಲ್ಲಿದ್ದಲ ಗೂಡಿನಲ್ಲಿ ಹಾಕಿ ಚಿಲಕ ಜಡಿದು ಬಂದಳು.

ಮೇಡಂ ಅವರನ್ನು ಮೇಜಿನ ಮುಂದೆ ಕೂರಿಸಿದೆವು. ನಾಲ್ಕು ಮನೆಯ ಪಡಿತರದ ಸಕ್ಕರೆ ಸುರಿದು ಮಾಡಿದ ಕ್ಯಾರೆಟ್ ಕೇಕು, ಒಡೆಯದೆ ಉಳಿದ ಒಳ್ಳೆಯ ಕಪ್ಪುಗಳಲ್ಲಿ ಟೀ. ಎದೆ ಕುಸಿದವರ ಮನೆಯಲ್ಲಿ ಕೇಕು ಇರುವುದಿಲ್ಲ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ?

"ರಾತ್ರಿ ನಿದ್ದೆ ಬರುತ್ತಾ?" ಎಂದು ಮೇಡಂ ಕೇಳಿದರು.

ಕಲಮ್ ಸಾಹೇಬರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಹಡಗು ಅಷ್ಟು ಹೊತ್ತಿಗೆ ನದಿಯ ಬಾಯಿ ದಾಟಿರಬೇಕು.

"ಮಗು ಥರ ಮಲಗ್ತೀವಿ ಮೇಡಂ" ಎಂದರು ಕಲಮ್ ಸಾಹೇಬರು, ಅದೇ ಬಿಯರಿನ ದನಿಯಲ್ಲಿ.

"ಶೆಲ್ಟರ್‌ನಲ್ಲಿ ನೀರು ನಿಲ್ಲುತ್ತೆ ಅಂತ ಯಾರೋ ಹೇಳಿದ್ರು?"

"ನೀರಾ? ಅಯ್ಯೋ, ಇದ್ರೆ ಒಳ್ಳೇದೇ" ಎಂದಳು ನೆಲ್ಲಿ. "ಇಡೀ ದಿನ ನಿಂತು ಕೆಲಸ ಮಾಡಿದ ಕಾಲಿಗೆ ತಣ್ಣಗಿರತ್ತೆ. ದುಡ್ಡು ಕೊಟ್ಟು ಸಮುದ್ರಸ್ನಾನಕ್ಕೆ ಹೋಗೋರಿಲ್ವಾ?"

"ಬಾಂಬ್ ಬಿದ್ದಾಗ ಏನನ್ಸುತ್ತೆ?"

"ಬಿದ್ದದ್ದು ಬಿತ್ತು" ಎಂದೆ ನಾನು. ಹೇಳುತ್ತಲೇ ಪಂಪು ಬೀದಿಯ ತಿರುವಿನಲ್ಲಿ ನಿಂತು, ನನಗೆ ನಮಸ್ಕಾರ ಹೇಳಿ ಬೇರೆ ಊರಿಗೆ ಹೊರಟುಹೋದದ್ದು ಕಣ್ಣಿಗೆ ಕಟ್ಟಿತು. ಕೈಗೆ ಬಂದ ತುತ್ತನ್ನು ನಮ್ಮ ಬಾಯಿಯೇ ಆಚೆ ತಳ್ಳುತ್ತಿತ್ತು. ಗಂಡನ ಜೀವ ಒಂದು ಕಡೆ, ಅತ್ತೆಯ ಜೀವ ಒಂದು ಕಡೆ, ನಾನು ನಡುವೆ ಕೂತು ಕೇಕು ಕತ್ತರಿಸುತ್ತಿದ್ದೆ.

ಮೇಡಂ ಅವರ ಕಣ್ಣು ಅರಳಿತು. "ಎಂಥ ಧೈರ್ಯ ನಿಮ್ಮದು! ಲಂಡನ್ನಿನಲ್ಲಿ ಹೇಳ್ತೀನಿ. ಈ ಬೀದಿಗೆ ಏನೂ ಬೇಕಾಗಿಲ್ಲ ಅಂತ ಖಂಡಿತ ಹೇಳ್ತೀನಿ."

ಕಲಮ್ ಸಾಹೇಬರು ಕೆಮ್ಮಿದರು. ಮೇಡಂ ಏಳುವ ಮುಂಚೆ, ಮರ್ಯಾದೆಗೆ ಎಂಬಂತೆ, ಮೂಲೆಯ ಕಡೆ ತಿರುಗಿದರು. "ನೀವು ಮಾತೇ ಆಡ್ಲಿಲ್ಲ ಅಮ್ಮ. ನೀವೂ ಶೆಲ್ಟರ್‌ಗೆ ಹೋಗ್ತೀರಾ?"

"ಇಲ್ಲ" ಎಂದರು ಅತ್ತೆ.

"ಯಾಕಮ್ಮ?"

ಮಂಡಿಯೋ, ನೆಲ್ಲಿಯ ಗೊರಕೆಯೋ ಎಂದು ನಾವೆಲ್ಲ ಕಾದೆವು. ಅತ್ತೆ ಹೆಣಿಗೆಯನ್ನು ಮಡಿಲಲ್ಲಿಟ್ಟರು.

"ಹೆದರಿಕೆ" ಎಂದರು.

ನೆಲ್ಲಿಯ ಕೈಯ ಕಪ್ಪು ತಟ್ಟೆಗೆ ಬಡಿಯಿತು. "ಅತ್ತೇ!" ಎಂದು ನಾನು ಕೂಗಿಯೇ ಬಿಟ್ಟೆ. "ಇವತ್ತು ರೆಗ್ ಹೊರಟ ದಿನ!"

"ಗೊತ್ತು ಕಣೇ. ನನ್ನ ಮಗ ಹೊರಟ ದಿನ ನನಗೆ ನೀನು ನೆನಪು ಮಾಡ್ಬೇಕಾ?" ಎಂದು ನನ್ನ ಬಾಯಿ ಮುಚ್ಚಿಸಿ, ಆ ಹುಡುಗಿಯ ಕಡೆಗೇ ತಿರುಗಿ ಹೇಳಿದರು. "ರೆಗ್‌ನ ಅಪ್ಪ ಹೋಗಿದ್ದು ಐಸ್‌ಲ್ಯಾಂಡ್ ಕಡೆ. ಚಳಿಗಾಲ. ಹಡಗಿನ ಮೇಲೆಲ್ಲಾ ಮಂಜುಗಡ್ಡೆ ಕಟ್ಟಿ ಭಾರ ಆಗಿ ಮಗುಚಿಕೊಳ್ತಂತೆ. ಅವರು ಕೆಳಗೆ ಮಲಗಿದ್ರು. ಕತ್ತಲೆ, ಮುಚ್ಚಿದ ಬಾಗಿಲು, ಕಾಲಿಗೆ ತಣ್ಣೀರು. ಆ ಶೆಲ್ಟರ್‌ಗೆ ಒಂದೇ ಒಂದು ಸಲ ಹೋಗಿದ್ದೆ. ಕತ್ತಲೆ. ಬಾಗಿಲು ಮುಚ್ಚಿದ್ರು. ಕಾಲಿಗೆ ತಣ್ಣೀರು ತಾಕ್ತು. ಆಮೇಲೆ ನಾನು ಹೋಗಿಲ್ಲಮ್ಮ. ಮನೇಲಿ ಬಾಂಬ್ ಬಿದ್ರೆ ನೆನೆಯದೆ ಒಣಗಿದ್ದ ಹಾಗೇ ಸಾಯ್ತೀನಿ. ಅಷ್ಟು ಸಾಕು ನನಗೆ."

ಹೆಬ್ಬಾತಿನ ಕೊಬ್ಬಿನ ಡಬ್ಬಿ ಅಲ್ಲೇ ಗೂಡಿನಲ್ಲಿತ್ತು. ಅದರ ಕಡೆ ನನಗೆ ನೋಡಲಾಗಲಿಲ್ಲ.

"ಆದ್ರೆ ಅಜ್ಜಿ," ಎಂದಳು ನೆಲ್ಲಿ, ಅವಳ ದನಿ ಈಗ ನಿಜವಾಗಿ ನಡುಗುತ್ತಿತ್ತು, "ಇವತ್ತು ಹೇಳ್ಬಾರ್ದಿತ್ತು ನೀವು. ನನ್ನ ಗಂಡಾನೂ ಅದೇ ಹಡಗಲ್ಲಿದಾನೆ."

"ಇಲ್ಲಿ ಕೇಳು ನೆಲ್ಲಿ. ನನ್ನ ಯಜಮಾನ್ರು ಹೊರಟ ದಿನ ನಾನು ಒಂದು ಬಟ್ಟೆ ಒಗೀಲಿಲ್ಲ. ಅಳ್ಲಿಲ್ಲ. ಕೈ ಬೀಸ್ಲಿಲ್ಲ. ಹೋಗಿ ಬನ್ನಿ ಅಂತ ಒಂದು ಮಾತೂ ಅನ್ಲಿಲ್ಲ. ಮುಖ ನೋಡಿದ್ರೆ ಎಲ್ಲಿ ಅಳು ಬರತ್ತೋ ಅಂತ ಮುಖಾನೂ ನೋಡ್ಲಿಲ್ಲ. ನಾನು ಇಷ್ಟೆಲ್ಲಾ ಮಾಡಿದೀನಿ ಅಂತ ಆ ಸಮುದ್ರಕ್ಕೆ ಯಾರೂ ಹೇಳಿರ್ಲಿಲ್ಲ ಅಂತ ಕಾಣತ್ತೆ." ಅತ್ತೆ ಸೆಟೆದು ಕೂತರು. "ಇವತ್ತು ಬೆಳಿಗ್ಗೇನೂ ಮಗನಿಗೆ ಬೆನ್ನು ಹಾಕ್ಕೊಂಡು ನಿಂತಿದ್ದೆ. ಒಲೆಯಲ್ಲಿ ಬೆಂಕಿನೇ ಇರ್ಲಿಲ್ಲ, ಬೂದಿ ಕೆದಕ್ತಿದ್ದೆ. ಸಾಕಾಯ್ತು ನಂಗೆ."

ನನಗೆ ಅಳು ಬಂತು. ತಡೆಯಬೇಕೆಂದು ಅನಿಸಲೂ ಇಲ್ಲ, ಅತ್ತುಬಿಟ್ಟೆ. ನೆಲ್ಲಿಯೂ ಅತ್ತಳು, ಏಪ್ರನ್ನಿನ ತುದಿ ಹುಡುಕುವುದನ್ನು ಮರೆತು ಅಂಗೈಯಲ್ಲೇ ಮೂಗು ಒರೆಸಿಕೊಂಡಳು. ಆಮೇಲೆ ಕಟ್ಟೆ ಒಡೆಯಿತು ನೋಡಿ.

"ಸಮುದ್ರಸ್ನಾನ ಅಂತೆ!" ಎಂದು ತನ್ನ ಮಾತಿಗೆ ತಾನೇ ಬೈದುಕೊಂಡಳು ನೆಲ್ಲಿ. "ಮೋರಿ ನೀರು ಮೇಡಂ ಅದು, ಮೋರಿ ನೀರು! ಹೋದವಾರ ಅದರಲ್ಲಿ ಇಲಿ ಈಜ್ತಿತ್ತು, ನನಗಿಂತ ಚೆನ್ನಾಗಿ ಈಜ್ತಿತ್ತು!"

"ನಿದ್ದೆ ಎಲ್ಲಿ ಬರ್ಬೇಕು?" ಎಂದರು ಕಲಮ್ ಸಾಹೇಬರು. "ಹಗಲು ಗಿರಾಕಿ ಗಡ್ಡ ಮಾಡೋವಾಗ ಕೈ ನಡುಗತ್ತೆ. ಕಿವಿಗೆ ಕತ್ತಿ ತಾಕಿಸಿದೀನಿ, ಪಾದ್ರಿಗಳ ಕಿವಿಗೆ!"

"ರೇಡಿಯೋದಲ್ಲಿ ನಮ್ಮೂರಿನ ಹೆಸರು ಹೇಳೋಕೆ ಏನು ರೋಗ ಅವರಿಗೆ? ಅದನ್ನೂ ಕೇಳಿ!" ಎಂದರು ಅತ್ತೆ.

ನಾನು ಮೇಜಿನ ಕೆಳಗೆ ಮಲಗುವುದನ್ನು ಹೇಳಿದೆ, ಬೀದಿಯ ತುದಿಯಲ್ಲಿ ಕಂಡ ಮೇಜನ್ನು ಹೇಳಿದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದೆವು. ಪಾಪದ ಮೇಡಂ ಒಬ್ಬರಿಂದ ಒಬ್ಬರ ಕಡೆ ತಿರುಗಿ ತಿರುಗಿ ಕುತ್ತಿಗೆ ನೋಯಿಸಿಕೊಂಡರು. ಕೊನೆಗೆ ಅವರೂ ಮೆಲ್ಲಗೆ, "ನನಗೂ ಟ್ರೈನಿನಲ್ಲಿ ಬರುವಾಗ ತುಂಬಾ ಹೆದರಿಕೆ ಆಯ್ತು" ಎಂದರು. ಅತ್ತೆ ಅವರಿಗೆ ಕೇಕಿನ ದೊಡ್ಡ ತುಂಡು ಹಾಕಿದರು.

ಅವರು ಲಂಡನ್ನಿನಲ್ಲಿ ಏನು ಹೇಳಿದರೋ ನಮಗೆ ತಿಳಿಯದು. ಪಂಪು ಬಂತು, ಯುದ್ಧ ಮುಗಿಯುವ ಮೊದಲೇ ಬಂತು ಎಂಬುದೇ ದೊಡ್ಡದು. ಅವರು ಹೊರಡುವಾಗ ಕಲ್ಲಿದ್ದಲ ಗೂಡಿನಿಂದ ತೆಗೆದುಕೊಟ್ಟ ಕೋಟಿನಲ್ಲಿ ಹಸಿರು ಅಷ್ಟಾಗಿ ಉಳಿದಿರಲಿಲ್ಲ.

ಪಂಪಿಗೆ ನೆಲ್ಲಿ ಕಾಯಲಿಲ್ಲ. ಅವತ್ತು ಮಧ್ಯಾಹ್ನವೇ ಕಟ್ಟೆಗೆ ಹೋಗಿ, ಕೈಗಾಡಿಯ ತುಂಬ ಮೀನು ತುಂಬುವ ಮರದ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದಳು. ಯಾರನ್ನು ಕೇಳಿ ತಂದೆ ಎಂದು ನಾವು ಕೇಳಲಿಲ್ಲ. ಬೀದಿಯವರೆಲ್ಲ ಬಕೆಟ್ಟು ಹಿಡಿದು ಸಾಲಾಗಿ ನಿಂತು ನೀರು ಮೊಗೆದೆವು. ಪೆಟ್ಟಿಗೆಗಳನ್ನು ಬೋರಲು ಹಾಕಿ ಸಾಲಾಗಿ ಜೋಡಿಸಿದೆವು. ನೀರು ಮತ್ತೆ ಬಂದರೂ ಪೆಟ್ಟಿಗೆಯ ಕೆಳಗೇ ಇರಬೇಕು. ಕಲಮ್ ಸಾಹೇಬರು ಗೋಡೆಗೆ ಒಂದು ಲಾಂದ್ರ ತೂಗುಹಾಕಿದರು. ಒಳಗೆಲ್ಲ ಹ್ಯಾಡಕ್ ಮೀನಿನ ನಾತ. ನಮ್ಮ ಮೂಗಿಗೆ ಅದು ನಾತವೇ ಅಲ್ಲ ಬಿಡಿ.

ಸಂಜೆ ಸೈರನ್ ಕೂಗಿತು. ಬೇಸಿಗೆಯಾದ್ದರಿಂದ ಇನ್ನೂ ಬೆಳಕಿತ್ತು. ಅತ್ತೆ ಕುರ್ಚಿಯಿಂದ ಎದ್ದರು, ಶಾಲು ಹೊದ್ದುಕೊಂಡರು, ಬೀದಿ ದಾಟಿದರು. ಶೆಲ್ಟರಿನ ಬಾಗಿಲಲ್ಲಿ ಮೆಟ್ಟಿಲು ನೋಡಿದವರೇ ನಿಂತುಬಿಟ್ಟರು. ಒಳಗಿನಿಂದ ನೆಲ್ಲಿ, "ಬನ್ನಿ ಅಜ್ಜಿ, ಇವತ್ತು ಗೊರಕೆ ಹೊಡಿಯಲ್ಲ, ಆಣೆ!" ಎಂದು ಕೂಗಿದಳು. ಅತ್ತೆ ಅಲ್ಲಾಡಲಿಲ್ಲ. ದೂರದಲ್ಲಿ ತೋಪುಗಳ ಸದ್ದು ಶುರುವಾಗಿತ್ತು.

"ಆಗಲ್ಲ ಕಣೇ ಆಲಿವ್. ಹೆದರಿಕೆ ಆಗತ್ತೆ. ನೀನು ಹೋಗು."

ಬೇರೆ ದಿನವಾಗಿದ್ದರೆ 'ಏನಾಗಲ್ಲ ಬನ್ನಿ ಅತ್ತೆ, ನಾನಿಲ್ವಾ' ಎಂದು ಗತ್ತು ತೋರಿಸುತ್ತಿದ್ದೆ. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ.

"ನಂಗೂ ಹೆದರಿಕೆ ಅತ್ತೆ" ಎಂದೆ. "ದಿನಾ ಆಗತ್ತೆ. ಕಾಲು ನೋಡಿ ಹೇಗೆ ನಡುಗ್ತಿದೆ."

ಅತ್ತೆ ಬಗ್ಗಿ ನನ್ನ ಕಾಲು ನೋಡಿದರು. ನಾಟಕವಲ್ಲ, ನಿಜವಾಗಿ ನಡುಗುತ್ತಿತ್ತು.

"ಅಯ್ಯೋ, ಹೌದಲ್ಲೇ! ಇಷ್ಟು ದಿನ ಬಾಯಿಬಿಡೋಕೆ ಏನಾಗಿತ್ತು ನಿಂಗೆ?"

"ನೀವು ಬಿಟ್ಟಿದ್ರಾ?"

ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹೀಗೆ ನಡುಗೋಳನ್ನ ಒಬ್ಬಳನ್ನೇ ಒಳಗೆ ಕಳ್ಸೋಕಾಗತ್ತಾ? ಬಾ, ಹುಷಾರು, ಮೆಟ್ಟಿಲಿದೆ" ಎನ್ನುತ್ತ, ನನಗಿಂತ ಮೊದಲು ಅವರೇ ಇಳಿದರು.